ಹೆಗ್ಗಡೆ ಯಾರ ಅಡ್ಡಹೆಸರು?

ಮೈಸೂರು ಸೀಮೆಯ ಹೆಗ್ಗಡದೇವನಕೋಟೆಯ ಹೆಸರಲ್ಲೇ ‘ಹೆಗ್ಗಡೆ’ ಇದೆ. ಆದರೆ ಇಲ್ಲಿನವರ ಹೆಸರಿನ ಕೊನೆಯಲ್ಲಿ ಗೌಡ, ನಾಯಕ, ಶೆಟ್ಟಿ ಸಿಕ್ಕಷ್ಟು ಹೆಗ್ಗಡೆ ಸಿಗುವುದಿಲ್ಲ. ಯಾಕೆ?

ಹಳಗನ್ನಡ ಶಾಸನಗಳ ‘ಪೆರ್ಗಡೆ’ ಒಂದು ಹುದ್ದೆ, ಮನೆತನವಲ್ಲ. ಪಕಾರ ಹಕಾರವಾಗಿ ಅದೇ ಹೆಗ್ಗಡೆಯಾಯಿತು. ಕರಾವಳಿ, ಮಲೆನಾಡಿನಲ್ಲಿ ಆ ಹುದ್ದೆ ಮನೆತನಕ್ಕೆ ಅಂಟಿ ಅಡ್ಡಹೆಸರಾಯಿತು. ಅದೂ ಒಂದೇ ಜಾತಿಯಲ್ಲಲ್ಲ. ಜೈನರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆ, ಬಂಟರಲ್ಲಿ ಲೋಕಸಭಾಧ್ಯಕ್ಷರಾಗಿದ್ದ ಕೆ.ಎಸ್. ಹೆಗ್ಡೆ, ಹವ್ಯಕರಲ್ಲಿ 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆ. ಅಡ್ಡಹೆಸರು ಕೇಳಿ ಜಾತಿ ಹೇಳುವವರು ಇಲ್ಲೇ ಎಡವುತ್ತಾರೆ!

ಅಡ್ಡಹೆಸರು ತಲೆಮಾರುಗಳವರೆಗೆ ಉಳಿಯಲು ದಾಖಲೆಯೂ ನೆರವಾಗುತ್ತದೆ. ಫ್ರಾನ್ಸಿನಲ್ಲಿ 1539ರ ರಾಜಾಜ್ಞೆ ಚರ್ಚುಗಳಲ್ಲಿ ಹುಟ್ಟಿನ ದಾಖಲೆ ಕಡ್ಡಾಯ ಮಾಡಿತು. ಅಡ್ಡಹೆಸರುಗಳು ಗಟ್ಟಿಯಾಗಿ ಉಳಿದವು. ಮೈಸೂರು ಸೀಮೆಯ ರೂಢಿಯೇ ಬೇರೆ. ಇಲ್ಲಿ ಊರು, ಅಪ್ಪನ ಹೆಸರೇ ಇನಿಷಿಯಲ್. ತಲೆಮಾರು ಬದಲಾದರೆ ಅಪ್ಪನ ಅಕ್ಷರವೂ ಬದಲು.