ಕೊನೆಯ ಗಾಡಿಗೆ ಮುನ್ನ ಮುಗಿಯುವ ಆಟ

ಮುಂಬಯಿಗೆ ಸಮಯವಿಲ್ಲ ಎಂಬುದು ಆ ನಗರವನ್ನು ಕುರಿತು ನಾವೆಲ್ಲ ಒಪ್ಪಿಕೊಂಡುಬಿಟ್ಟಿರುವ ಮಾತು. ಮೂರು ದಶಕಗಳಿಂದ ವರ್ಷಕ್ಕೊಮ್ಮೆಯಾದರೂ ಡೊಂಬಿವಿಲಿಯ ಅಕ್ಕನ ಮನೆಗೆ ಹೋಗಿಬರುತ್ತಿರುವ ನನಗೆ ಇದರಲ್ಲಿ ಅರ್ಧ ಸತ್ಯ ಮಾತ್ರ ಕಾಣುತ್ತದೆ. ಸಮಯ ಕಡಿಮೆ ಇರುವುದರಿಂದಲೇ ಅಲ್ಲಿಯ ಜನ ಅದನ್ನು ಲೆಕ್ಕವಿಟ್ಟು ಖರ್ಚು ಮಾಡುತ್ತಾರೆ. ಆ ಲೆಕ್ಕದಲ್ಲಿ ನಾಟಕಕ್ಕೆ, ಸಂಗೀತಕ್ಕೆ, ಯಕ್ಷಗಾನಕ್ಕೆ ಒಂದು ಪಾಲನ್ನು ತಪ್ಪದೆ ತೆಗೆದಿಡುತ್ತಾರೆ. ಬಿಡುವು ಯಥೇಚ್ಛವಾಗಿರುವ ಮೈಸೂರಿನ ನನ್ನಂಥವರಿಗೆ ಈ ವಿದ್ಯೆ ಇನ್ನೂ ಕೈಹತ್ತಿಲ್ಲ.

ಮುಂಬಯಿಯಲ್ಲಿ ನೆಂಟನಿಗೆ ಸಿಗುವ ಮೊದಲ ಸತ್ಕಾರವೆಂದರೆ ಬಾಗಿಲ ಲ್ಯಾಚಿನ ಇನ್ನೊಂದು ಕೀಲಿಕೈ. ಎರಡು ಕೋಣೆಯ ಮನೆಯಲ್ಲಿ ಐವರಿದ್ದಾರೆ, ಆರನೆಯವನಾಗಿ ನಾನು ನಡುಮನೆಯ ಸೋಫಾದ ಕೆಳಗೆ ಹಾಸಿಗೆ ಬಿಚ್ಚುತ್ತೇನೆ. ಯಾರೂ ನನಗಾಗಿ ರಜೆ ಹಾಕುವುದಿಲ್ಲ, ಹಾಕಬೇಕೆಂದು ನಾನೂ ನಿರೀಕ್ಷಿಸುವುದಿಲ್ಲ. ನಿನ್ನ ಹೊತ್ತು ನಿನ್ನದು, ನಮ್ಮ ಹೊತ್ತು ನಮ್ಮದು, ಆದರೆ ಭಾನುವಾರ ಮಾತ್ರ ಎಲ್ಲರದ್ದು ಎಂಬ ಅಲಿಖಿತ ಒಪ್ಪಂದ ಇದು. ಬ್ಯಾಂಕಿನಿಂದ ನಿವೃತ್ತರಾದ ಭಾವನವರು ಶನಿವಾರ ರಾತ್ರಿಯೇ ಮರಾಠಿ ಪತ್ರಿಕೆಯನ್ನು ಮುಂದೆ ಹರಡಿಕೊಂಡು ಕೂರುತ್ತಾರೆ. ಒಂದು ಪುಟದಲ್ಲಿ ನಾಟಕಗಳ ಜಾಹೀರಾತು, ಇನ್ನೊಂದರಲ್ಲಿ ರೈಲ್ವೆಯವರ ಮೆಗಾಬ್ಲಾಕ್ ಪ್ರಕಟಣೆ. ಹಳಿ ದುರಸ್ತಿಗೆಂದು ಭಾನುವಾರ ಯಾವ ಮಾರ್ಗದಲ್ಲಿ ಎಷ್ಟು ಹೊತ್ತು ಗಾಡಿಗಳಿಲ್ಲ ಎಂಬುದನ್ನು ನೋಡಿಕೊಂಡೇ ಯಾವ ನಾಟಕವೆಂದು ತೀರ್ಮಾನವಾಗುತ್ತದೆ. ಪಂಚಾಂಗ ನೋಡಿ ಮುಹೂರ್ತವಿಡುವವರ ಗಾಂಭೀರ್ಯ ಆಗ ಅವರ ಮುಖದಲ್ಲಿರುತ್ತದೆ.

ಹಾಗೆ ನಾವು ಹೆಚ್ಚಾಗಿ ಹೋಗುವುದು ದಾದರಿನ ಶಿವಾಜಿ ಮಂದಿರಕ್ಕೆ. 1965ರಲ್ಲಿ ಆರಂಭವಾದ ಈ ರಂಗಮಂದಿರ ಮರಾಠಿ ವೃತ್ತಿಪರ ನಾಟಕಗಳ ತವರುಮನೆಯಿದ್ದಂತೆ. ಅಲ್ಲಿ ಮೂರನೆಯ ಗಂಟೆ ಬಾರಿಸಿತೆಂದರೆ ಪರದೆ ಏಳಲೇಬೇಕು. ಸ್ವಾಗತವಿಲ್ಲ, ಹಾರ ತುರಾಯಿಯಿಲ್ಲ, ಸನ್ಮಾನದ ಶಾಲಿಲ್ಲ, ಮಂತ್ರಿಗಳು ಬರುವವರೆಗೆ ಕಾಯಿರೆಂಬ ವಿನಂತಿಯಿಲ್ಲ. ವೇದಿಕೆಯ ಮೇಲಿನ ಗಣ್ಯರನ್ನೆಲ್ಲ ದಾಟಿ ನಾಟಕದವರೆಗೆ ತಲುಪುವಷ್ಟರಲ್ಲಿ ನಮ್ಮ ಕಡೆಯ ಪ್ರೇಕ್ಷಕನಿಗೆ ಅರ್ಧ ಆಯುಷ್ಯ ಕಳೆದಿರುತ್ತದೆ. ಇಲ್ಲಿ ಪ್ರೇಕ್ಷಕ ಟಿಕೆಟ್ಟಿಗೆ ಹಣ ಕೊಟ್ಟಿದ್ದಾನೆ, ಆಟ ಮುಗಿದ ಮೇಲೆ ಬದ್ಲಾಪುರಕ್ಕೋ ವಿರಾರಿಗೋ ಹೋಗುವ ಗಾಡಿ ಹಿಡಿಯಬೇಕಾಗಿದೆ. ಈ ಎರಡು ಕಾರಣಗಳಿಂದ ಅವನಿಗೆ ಸಿಗುವ ಮರ್ಯಾದೆ ದೊಡ್ಡದು. ಉಚಿತ ಪ್ರವೇಶದ ಔದಾರ್ಯ ನಮ್ಮ ರಂಗಭೂಮಿಗೆ ಮಾಡಿರುವ ಅಪಕಾರ ಸಣ್ಣದಲ್ಲ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. (ಮಧ್ಯಂತರದ ಬಟಾಟೆ ವಡೆಯನ್ನು ಹೊಗಳದೆ ಮುಂದೆ ಹೋದರೆ ಭಾವನವರು ಕ್ಷಮಿಸುವುದಿಲ್ಲ.) ಮರಾಠಿ ರಂಗಭೂಮಿಗೂ ನಮಗೂ ಕೊಡುಕೊಳ್ಳುವ ನಂಟು ಹಳೆಯದು. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕವನ್ನು ಮರಾಠಿಗೆ ತಂದವರು ವಿಜಯ ತೆಂಡೂಲ್ಕರರು, ‘ಹಯವದನ’ವನ್ನು ಮರಾಠಿಯಲ್ಲಿ ಆಡಿಸಿದವರು ವಿಜಯಾ ಮೆಹ್ತಾ. ಅವೆಲ್ಲ ತಮ್ಮ ಭಾಷೆಯ ನಾಟಕಗಳೇ ಎಂಬಂತೆ ಮಾತನಾಡುವ ಮರಾಠಿ ಪ್ರೇಕ್ಷಕರನ್ನು ನಾನು ಕಂಡಿದ್ದೇನೆ.

ದಾದರಿಗೆ ಹೋದವರು ಮಾಟುಂಗಕ್ಕೆ ಹೋಗದೆ ಬರುವುದುಂಟೆ? ವೇಗದ ಗಾಡಿ ಅಲ್ಲಿ ನಿಲ್ಲುವುದಿಲ್ಲ. ಕುರ್ಲಾದಲ್ಲಿಳಿದು ನಿಧಾನದ ಗಾಡಿ ಹಿಡಿಯಬೇಕು. 1896ರ ಪ್ಲೇಗಿನ ತರುವಾಯ ಇಕ್ಕಟ್ಟಿನ ಹಳೆಯ ಪೇಟೆಯಿಂದ ಜನರನ್ನು ಗಾಳಿಬೆಳಕಿನ ಕಡೆಗೆ ತರಲು ನಗರ ಸುಧಾರಣಾ ಟ್ರಸ್ಟ್ ಯೋಜಿಸಿದ ಬಡಾವಣೆಗಳಲ್ಲಿ ದಾದರ್-ಮಾಟುಂಗವೂ ಒಂದು. ಅಗಲ ರಸ್ತೆ, ಸಾಲುಮರ, ಐದು ಉದ್ಯಾನಗಳ ಆ ನಕ್ಷೆ ಇಂದಿಗೂ ಕಣ್ಣಿಗೆ ಹಿತವಾಗಿದೆ. ದಕ್ಷಿಣದ ಗುಮಾಸ್ತರು, ಬೆರಳಚ್ಚುಗಾರರು, ಅವರ ಬೆನ್ನಿಗೇ ಅವರಿಗೆ ಅನ್ನವಿಕ್ಕುವ ಉಡುಪಿಯವರು ಇಲ್ಲಿ ಬೀಡುಬಿಟ್ಟರು. ನಿಲ್ದಾಣದ ಮಗ್ಗುಲಲ್ಲೇ ಮಹಡಿಯ ಮೇಲಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಎಲೆ ಹಾಕಿ ಬಡಿಸುತ್ತ ಬಂದಿದೆ. ಅಲ್ಲಿ ಸಾರಿನ ಪರಿಮಳ ಮೆಟ್ಟಿಲ ಮೇಲೆಯೇ ಎದುರುಗೊಳ್ಳುತ್ತದೆ. ಪಕ್ಕದ ಗಲ್ಲಿಯಲ್ಲಿ ಮಲ್ಲಿಗೆ, ಬಾಳೆಯೆಲೆ, ವೀಳ್ಯದೆಲೆ. ಅಕ್ಕ ಅರ್ಧ ದಿನ ಅಲ್ಲೇ ಕಳೆಯಬಲ್ಲಳು.

ಅಲ್ಲಿಂದ ಭಾವುದಾಜಿ ರಸ್ತೆಗೆ ಬಂದರೆ ಮೈಸೂರು ಅಸೋಸಿಯೇಷನ್. 1926ರಲ್ಲಿ ಸ್ಥಾಪನೆಯಾದ ಸಂಸ್ಥೆ. ರಾಜ್ಯದ ಹೆಸರು 1973ರಲ್ಲಿ ಕರ್ನಾಟಕವಾದ ಮೇಲೂ ತನ್ನ ಹೆಸರನ್ನು ಹಾಗೆಯೇ ಇಟ್ಟುಕೊಂಡಿದೆ. ಮೈಸೂರಿನವನಾದ ನನಗೆ ಅದೊಂದು ಗುಟ್ಟಾದ ಸಂತೋಷ. ರಸ್ತೆಗೆ ಹೆಸರು ಕೊಟ್ಟ ಭಾವು ದಾಜಿ ಲಾಡ್ ಹತ್ತೊಂಬತ್ತನೆಯ ಶತಮಾನದ ವೈದ್ಯರು, ಸಂಸ್ಕೃತ ವಿದ್ವಾಂಸರು. ಬೈಕುಲಾದಲ್ಲಿ 1872ರಲ್ಲಿ ತೆರೆದ ಹಳೆಯ ವಸ್ತುಸಂಗ್ರಹಾಲಯಕ್ಕೂ ಈಗ ಅವರದ್ದೇ ಹೆಸರು. ಅಲ್ಲಿರುವ, ನಗರದ ನಾನಾ ಜಾತಿ ಕಸುಬುಗಳ ಜನರ ಮಣ್ಣಿನ ಬೊಂಬೆಗಳನ್ನು ನೋಡುತ್ತ ನಿಂತರೆ, ಎಲ್ಲಿಂದಲೋ ಬಂದವರೇ ಸೇರಿ ಕಟ್ಟಿದ ಊರು ಇದು ಎಂಬುದು ಯಾರ ಉಪನ್ಯಾಸವೂ ಇಲ್ಲದೆ ಅರ್ಥವಾಗುತ್ತದೆ.

ಹಾಗೆ ಬಂದ ನಮ್ಮವರು ಅಲ್ಲಿ ಕನ್ನಡವನ್ನು ಉಳಿಸಿಕೊಂಡ ಬಗೆಯನ್ನು ನಾವು ಸಾಕಷ್ಟು ಗಮನಿಸಿಲ್ಲ. ಕರಾವಳಿಯಿಂದ ಹತ್ತು ಹನ್ನೆರಡನೆಯ ವಯಸ್ಸಿಗೆ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿಶಾಲೆಗೆ ಹೋದರು. ಮೊಗವೀರರು ತೆರೆದ ರಾತ್ರಿಶಾಲೆಗೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ದಿನದ ಹನ್ನೆರಡು ತಾಸು ದುಡಿದ ಮೇಲೆ ಉಳಿದ ಹೊತ್ತಿನಲ್ಲಿ ಅಕ್ಷರ ಕಲಿತು ಗುಮಾಸ್ತರಾದವರು, ವಕೀಲರಾದವರು, ಹೋಟೆಲ್ ಮಾಲೀಕರಾದವರು ಸಂಘ ಕಟ್ಟಿದರು, ನಾಟಕವಾಡಿದರು. ಲೇಖಕರೂ ಹೀಗೆಯೇ, ಕಚೇರಿಯ ಆಚೆಗಿನ ಹೊತ್ತಿನಲ್ಲಿ ಬರೆದವರು. ಹನೇಹಳ್ಳಿಯಿಂದ ಬಂದ ಯಶವಂತ ಚಿತ್ತಾಲರು ಪಾಲಿಮರ್ ತಂತ್ರಜ್ಞರಾಗಿದ್ದುಕೊಂಡೇ 1979ರಲ್ಲಿ ‘ಶಿಕಾರಿ’ಯನ್ನು ಕೊಟ್ಟರು. ವ್ಯಾಸರಾಯ ಬಲ್ಲಾಳರು ಮುಂಬಯಿಯ ಕಾರ್ಮಿಕ ಜಗತ್ತನ್ನು ‘ಬಂಡಾಯ’ ಕಾದಂಬರಿಗೆ ತಂದರು; ಅದಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಉಡುಪಿ ಬಳಿಯ ಕಟ್ಟಿಂಗೇರಿಯ ಬಡ ಹುಡುಗ ಕೆ. ಕೆ. ಹೆಬ್ಬಾರರು ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, ಲಯವನ್ನು ಅರಿಯಲೆಂದು ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು. ಆಧುನಿಕ ಕನ್ನಡದ ಒಂದು ದೊಡ್ಡ ಭಾಗ ಮುಂಬಯಿಯ ರಾತ್ರಿಪಾಳಿಯಲ್ಲಿ ತಯಾರಾದದ್ದು ಎಂದರೆ ಅತಿಶಯೋಕ್ತಿಯಾಗದು.

ಕಳೆದ ಸಲ ನಾನು ಹೋದದ್ದು ಮಳೆಗಾಲದಲ್ಲಿ. ಊರಿನಲ್ಲಿ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಕಲಾವಿದರು ಮಳೆ ಹಿಡಿದೊಡನೆ ಮುಂಬಯಿಯ ಸಭಾಗೃಹಗಳಿಗೆ ಬರುವುದು ಬಹುಕಾಲದ ರೂಢಿ. ಊರ ಗದ್ದೆಯಲ್ಲಿ ರಾತ್ರಿಯಿಡೀ ನಡೆಯುವ ಪ್ರಸಂಗ ಇಲ್ಲಿ ಮೂರು, ಮೂರೂವರೆ ತಾಸಿಗೆ ಇಳಿಯುತ್ತದೆ. ಪೀಠಿಕೆ ಮೊಟಕು, ಒಡ್ಡೋಲಗ ಚುಟುಕು, ಯುದ್ಧ ಮಾತ್ರ ಪೂರ್ತಿ. ಭಾಗವತರ ಒಂದು ಕಣ್ಣು ತಾಳದ ಮೇಲೆ, ಇನ್ನೊಂದು ಗಡಿಯಾರದ ಮೇಲೆ. ಬೆಳಗಿನ ಜಾವದ ಇಳಿ ರಾಗಗಳಿಗೆ ಇಲ್ಲಿ ಅವಕಾಶವೇ ಇಲ್ಲವೆಂದು ಹಿರಿಯರು ಕೊರಗುತ್ತಾರೆ, ಆ ಕೊರಗು ನ್ಯಾಯವಾದದ್ದೇ. ಆದರೆ ಕಾಲಮಿತಿಯ ಆಟ ಈಗ ಕರಾವಳಿಯಲ್ಲೂ ಮಾಮೂಲಾಗಿದೆ. ಮರುದಿನ ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದವನೂ ಕಲೆಗೆ ಬಾಧ್ಯಸ್ಥ ಎಂಬುದನ್ನು ಮುಂಬಯಿ ಬಹಳ ಮೊದಲೇ ಒಪ್ಪಿಕೊಂಡಿತ್ತು.

ಆ ಸಂಜೆ ನನ್ನ ಪಕ್ಕದಲ್ಲಿ ಕುಳಿತವಳು ಅಕ್ಕನ ಮೊಮ್ಮಗಳು, ಕಾಲೇಜಿನ ಎರಡನೆಯ ವರ್ಷದವಳು. ಅವಳ ಮನೆಮಾತು ಅಪ್ಪಟ ಕುಂದಾಪುರದ್ದು. ಹಾಸ್ಯಗಾರ ಬಾಯಿ ತೆರೆದರೆ ಸಭೆಯಲ್ಲಿ ಎಲ್ಲರಿಗಿಂತ ಮೊದಲು ನಕ್ಕವಳು ಅವಳೇ. ರಾಜವೇಷದ ಗ್ರಾಂಥಿಕ ಅರ್ಥಗಾರಿಕೆ ಬಂದಾಗ ನನ್ನ ಮೊಣಕೈ ತಟ್ಟಿ, “ಅಜ್ಜ, ಈಗ ಎಂತ ಹೇಳಿದ್ದು?” ಎನ್ನುತ್ತಿದ್ದಳು. ರಂಗದ ಹಿಂದೆ ಕಟ್ಟಿದ್ದ ಬ್ಯಾನರಿನ ಕನ್ನಡ ಅಕ್ಷರಗಳನ್ನು ಅವಳು ಓದಲಾರಳು. ದೇವನಾಗರಿ ಬರುತ್ತದೆ, ಇಂಗ್ಲಿಷ್ ಸಲೀಸು. ಅವಳ ಚೀಲದಲ್ಲಿದ್ದದ್ದು ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದ ‘ನೋ ಪ್ರೆಸೆಂಟ್ಸ್ ಪ್ಲೀಸ್’. ತೇಜಸ್ವಿನಿ ನಿರಂಜನ ಅನುವಾದಿಸಿದ ಈ ಪುಸ್ತಕಕ್ಕೆ 2018ನೇ ಸಾಲಿನ ಡಿಎಸ್‌ಸಿ ಪ್ರಶಸ್ತಿ ಬಂದದ್ದು ಓದುಗರಿಗೆ ನೆನಪಿರಬಹುದು. ತನ್ನ ಊರನ್ನು ಕುರಿತು ತನ್ನ ಮನೆಮಾತಿನಲ್ಲೇ ಬರೆದ ಕಥೆಯನ್ನು ಆ ಹುಡುಗಿ ಮೂರನೆಯ ಭಾಷೆಯೊಂದರ ಮೂಲಕ ಓದುತ್ತಿದ್ದಾಳೆ.

ಇದಕ್ಕೆ ಅವಳನ್ನಾಗಲಿ ಅವಳ ತಂದೆತಾಯಿಯನ್ನಾಗಲಿ ದೂರುವವರ ಗುಂಪಿಗೆ ನಾನು ಸೇರುವುದಿಲ್ಲ. ಬೆಳಗ್ಗೆ ಏಳಕ್ಕೆ ಮನೆ ಬಿಟ್ಟು ರಾತ್ರಿ ಒಂಬತ್ತಕ್ಕೆ ಮರಳುವ ದಂಪತಿ ಮಗುವಿನ ಕೈಹಿಡಿದು ಅಆಇಈ ತಿದ್ದಿಸಲಿಲ್ಲವೆಂದು ಊರಿನಲ್ಲಿ ಕುಳಿತು ತೀರ್ಪು ಕೊಡುವುದು ಸುಲಭ. ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತ ಬಂದಿದೆ, ಅಲ್ಲಿಗೆ ಹೋಗುವ ಮಕ್ಕಳು ಮಾತ್ರ ಕಡಿಮೆಯಾಗುತ್ತಲೇ ಇದ್ದಾರೆ. ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ, ಅದು ಕೆಲಸವನ್ನೂ ಮಾಡುತ್ತಿದೆ. ನಡುವಿನ ಮೆಟ್ಟಿಲುಗಳೇ ಸವೆದುಹೋಗಿವೆ. ಮಾತು ಬಲ್ಲ, ಅಕ್ಷರವರಿಯದ ಇಪ್ಪತ್ತರ ಹರೆಯದವರಿಗೆ ಕನ್ನಡದ ಬಾಗಿಲು ತೆರೆಯಲು ಬೇಕಾದದ್ದು ಸಮಾವೇಶವಲ್ಲ, ಮೆರವಣಿಗೆಯಲ್ಲ, ಅಲ್ಲಿಗೆ ಅತಿಥಿಗಳಾಗಿ ಹೋಗಿ ಕನ್ನಡದ ಬಗ್ಗೆ ಮಾತನಾಡುವ ನಾವೂ ಅಲ್ಲ. ವಾರಕ್ಕೆ ಎರಡು ತಾಸಿನಂತೆ ಕೆಲವು ತಿಂಗಳ ಅಕ್ಷರಾಭ್ಯಾಸ ಸಾಕು. ಸಂಘಗಳ ಸಭಾಗೃಹಗಳು ಬೆಳಗಿನ ಹೊತ್ತು ಬಹುಮಟ್ಟಿಗೆ ಖಾಲಿ. ಕಲಿಸಬಲ್ಲ ನಿವೃತ್ತರು ಪ್ರತಿ ಉಪನಗರದಲ್ಲೂ ಇದ್ದಾರೆ. ಹೋಟೆಲ್ ಹುಡುಗನಿಗೆ ರಾತ್ರಿ ಹತ್ತಕ್ಕೆ ಪಾಠ ಹೇಳಿಕೊಟ್ಟ ಸಮಾಜಕ್ಕೆ ಇದು ಹೊಸ ವಿದ್ಯೆಯೇನಲ್ಲ. ಹೊರನಾಡ ಕನ್ನಡಿಗರಿಗೆಂದು ಕರ್ನಾಟಕ ಸರ್ಕಾರ ಕೊಡುವ ನೆರವಿನಲ್ಲಿ ಒಂದು ಪಾಲು ಇಂಥ ತರಗತಿಗೆ ಸಂದರೆ ನನ್ನಂಥ ತೆರಿಗೆದಾರನ ಆಕ್ಷೇಪವಿಲ್ಲ.

ಆಟ ಮುಗಿಯುವ ಮುನ್ನವೇ ಹಿಂದಿನ ಸಾಲುಗಳು ಏಳತೊಡಗಿದ್ದವು. ದಾದರಿನಿಂದ ಗಾಡಿಯಲ್ಲಿ ನಿಂತೇ ಬಂದೆವು, ಠಾಣೆಯ ನಂತರ ಜಾಗ ಸಿಕ್ಕಿತು. ಅವಳು ತನ್ನ ಪುಸ್ತಕ ತೆರೆದು ಕೊನೆಯ ಪುಟದ ಖಾಲಿ ಜಾಗದಲ್ಲಿ ನನ್ನಿಂದ ಅವಳ ಹೆಸರನ್ನು ಕನ್ನಡದಲ್ಲಿ ಬರೆಯಿಸಿಕೊಂಡಳು; ದೇವನಾಗರಿಯ ಅಕ್ಷರಕ್ಕೂ ಇದಕ್ಕೂ ಎಲ್ಲಿ ಹೋಲಿಕೆ, ಎಲ್ಲಿ ಇಲ್ಲವೆಂದು ಡೊಂಬಿವಿಲಿಯವರೆಗೂ ಪ್ರಶ್ನೆ. ಮನೆಯಲ್ಲಿ ಅಕ್ಕ ಬಡಿಸುತ್ತಲೇ ಇದನ್ನೆಲ್ಲ ಕೇಳಿಸಿಕೊಂಡವಳು, “ಮುಂದಿನ್ ಸಲ ಬಪ್ಪತಿಗೆ ಒಂದ್ನೇ ಕ್ಲಾಸಿನ್ ಕನ್ನಡ ಪುಸ್ತಕ ತಕಂಡ್ ಬಾ ಮಾರಾಯ” ಎಂದಳು. ಎರಡು ತರಲಿ, ಮೇಲಿನ ಮಹಡಿಯ ಶೆಟ್ಟರ ಹುಡುಗನೂ ಕೇಳುತ್ತಿದ್ದ ಎಂದರು ಭಾವನವರು, ಮರುದಿನದ ಗಾಡಿಯ ಹೊತ್ತನ್ನು ನೋಡುತ್ತ.