ನಿನ್ನೆಯ ನುಚ್ಚು, ಇಂದಿನ ಉಪಾಹಾರ

ಬೆಳಗಿನ ಹೊತ್ತು ಗೃಹಿಣಿಯ ಪಾಲಿಗೆ ಪರೀಕ್ಷೆಯ ಕಾಲ. ಮಕ್ಕಳು ಶಾಲೆಗೆ ಹೊರಡಬೇಕು, ಮನೆಯ ಯಜಮಾನರು ಹೊಲಕ್ಕೋ ಕಚೇರಿಗೋ ಹೊರಡಬೇಕು, ವೃದ್ಧರಿಗೆ ಮೆತ್ತಗಿನದು ಬೇಕು, ಎಳೆಯರಿಗೆ ಗರಿಗರಿಯಾದುದು ಬೇಕು. ಇಷ್ಟರ ನಡುವೆ ನಿನ್ನೆ ರಾತ್ರಿಯ ಅಡುಗೆಯಲ್ಲಿ ಒಂದಿಷ್ಟು ಉಳಿದು, ‘ನನ್ನ ಗತಿಯೇನು?’ ಎಂದು ಕೇಳುವಂತೆ ಮೂಲೆಯಲ್ಲಿ ಕುಳಿತಿರುವುದು. ಅಂತಹ ಉಳಿಕೆಗಳಲ್ಲಿ ಒಂದಾದ ಜೋಳದ ನುಚ್ಚನ್ನು ಕುರಿತು ಈ ತಿಂಗಳು ನಮ್ಮ ಸೋದರಿಯರೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇವೆ.

ನಾವು ಇರುವುದು ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ. ಈ ಸೀಮೆಯಲ್ಲಿ ಜೋಳವೆಂದರೆ ಬಿಳಿಯ ಜೋಳವೇ. ಅದರ ಹಿಟ್ಟು ರೊಟ್ಟಿಯಾಗುವುದು. ಹಿಟ್ಟಿಗೆ ಮಜ್ಜಿಗೆ ಕೂಡಿದರೆ ಅಂಬಲಿಯಾಗುವುದು. ಕಾಳನ್ನು ಒಡೆದು ಬೇಯಿಸಿದರೆ ನುಚ್ಚಾಗುವುದು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಬಂಧುಬಳಗ ಕುಳಿತು ಭಜ್ಜಿಯೊಡನೆ ಅಂಬಲಿಯನ್ನು ಕುಡಿಯುವ ಸಂಭ್ರಮವನ್ನು ಇಲ್ಲಿಯವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ನುಚ್ಚಿಗೆ ಮಾತ್ರ ಅಂತಹ ಹಬ್ಬವಿಲ್ಲ. ಅದು ದಿನದ ಅನ್ನ, ದಣಿದವರ ಊಟ. ಅದಕ್ಕಾಗಿಯೇ ಏನೋ, ಬಂದವರ ಮುಂದೆ ಅದನ್ನಿಡಲು ನಾವು ನಾಚುತ್ತೇವೆ.

ಈ ನಾಚಿಕೆಯಿಂದ ನಮ್ಮ ಮನೆಯಲ್ಲಿಯೇ ಒಂದು ಸಂಗತಿ ನಡೆಯಿತು. ಚಳಿಗಾಲದ ಒಂದು ಮುಂಜಾನೆ ಹುಮನಾಬಾದಿನಿಂದ ನಮ್ಮ ಬಂಧುಗಳಾದ ವೃದ್ಧೆಯೊಬ್ಬರು ಮೊದಲ ಬಸ್ಸಿಗೇ ಬಂದಿಳಿದರು. ಒಲೆಯ ಮೇಲೆ ಹಂಚಿನಲ್ಲಿ ನಿನ್ನೆಯ ನುಚ್ಚಿನ ಬಿಲ್ಲೆಗಳು ಕೆಂಪಗಾಗುತ್ತಿದ್ದವು. ಅವರ ದನಿ ಬಾಗಿಲಲ್ಲಿ ಕೇಳುತ್ತಲೆ ನಾವು ಹಂಚನ್ನು ಕೆಳಗಿಳಿಸಿ, ಮೇಲೊಂದು ತಟ್ಟೆಯನ್ನು ಮುಚ್ಚಿ, ರವೆಯ ಡಬ್ಬಿಗೆ ಕೈ ಹಾಕಿದೆವು. ಪರಿಮಳಕ್ಕೆ ಮುಚ್ಚಳವುಂಟೆ? ಆ ಹಿರಿಯರು ನೇರವಾಗಿ ಅಡುಗೆಮನೆಗೆ ಬಂದು ತಟ್ಟೆಯನ್ನೆತ್ತಿ ನೋಡಿದರು. ‘ಇದನ್ನು ನಮ್ಮ ಅತ್ತೆ ಮಾಡುತ್ತಿದ್ದರು. ಅವರು ಹೋದ ಮೇಲೆ ನಾನೂ ಬಿಟ್ಟೆ. ಮಕ್ಕಳು ಬಡವರ ತಿಂಡಿ ಎಂದು ನಕ್ಕರು. ನನಗೂ ಹಾಗೆಯೇ ತೋರಿತು. ಈಗ ಮೊಮ್ಮಗಳು ಕೇಳಿದರೆ ಹದ ಮರೆತುಹೋಗಿದೆ’ ಎಂದರು. ಅವರು ಎರಡು ಬಿಲ್ಲೆಗಳನ್ನು ತಿಂದು, ಮೂರನೆಯದನ್ನು ತಾವೇ ಕೇಳಿ ಹಾಕಿಸಿಕೊಂಡರು. ರವೆಯ ಡಬ್ಬಿ ತೆರೆದುದು ತೆರೆದಂತೆಯೇ ಉಳಿಯಿತು.

ಒಂದು ತಲೆಮಾರು ನಾಚಿಕೊಂಡರೆ ಸಾಕು, ಮುಂದಿನದಕ್ಕೆ ಹದವೇ ತಿಳಿಯದು. ಆದುದರಿಂದ ಆ ಹದವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಒಂದು ಬಟ್ಟಲು ಜೋಳದ ನುಚ್ಚನ್ನು ತೊಳೆದು 2 ಗಂಟೆಯ ಕಾಲ ನೆನೆಯಿಡಬೇಕು. 4 ಬಟ್ಟಲು ನೀರಿಗೆ ಉಪ್ಪು ಹಾಕಿ ಕುದಿಸಿ, ನೆನೆದ ನುಚ್ಚನ್ನು ಬಸಿದು ಸುರಿದು, ಗಂಟಾಗದಂತೆ ತಿರುವಬೇಕು. ಬಳಿಕ ಉರಿಯನ್ನು ತಗ್ಗಿಸಿ ಮುಚ್ಚಿಟ್ಟು, ಆಗಾಗ ತಳವನ್ನು ಕೆದಕುತ್ತ ಅರ್ಧ ಗಂಟೆ ಬೇಯಿಸತಕ್ಕದ್ದು. ರಾತ್ರಿಯ ಊಟಕ್ಕೆ ಬೇಕಾದುದನ್ನು ಬಡಿಸಿದ ಮೇಲೆ, ಉಳಿದುದಕ್ಕೆ ಒಂದು ದೊಡ್ಡ ಚಮಚ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸೇರಿಸಿ, ಇನ್ನೂ 5 ನಿಮಿಷ ಗಟ್ಟಿಯಾಗುವವರೆಗೆ ತಿರುವಬೇಕು. ಇದನ್ನು ಮರೆಯಬಾರದು. ಗೋಧಿಯಲ್ಲಿರುವಂತಹ ಜಿಗುಟು ಜೋಳದಲ್ಲಿಲ್ಲ. ಈ ಹಿಟ್ಟೇ ಕಾಳಿಗೆ ಕಾಳನ್ನು ಕೂಡಿಸುವ ಗಾರೆ.

ಎಣ್ಣೆ ಸವರಿದ ತಟ್ಟೆಗೆ ಇದನ್ನು ಸುರಿದು, ಒದ್ದೆಗೈಯಿಂದ ಒಂದು ಬೆರಳು ದಪ್ಪಕ್ಕೆ ತಟ್ಟಿ ಸಮಮಾಡಿ, ಬಿಸಿ ಆರುತ್ತಲೆ ಮುಚ್ಚಿ ಫ್ರಿಜ್ಜಿನಲ್ಲಿಡಬೇಕು. ಹಿಂದಿನವರು ನುಚ್ಚನ್ನು ಮಜ್ಜಿಗೆಯಲ್ಲಿ ಮುಳುಗಿಸಿಡುತ್ತಿದ್ದುದುಂಟು. ಹುಳಿಯು ಕೆಡುವುದನ್ನು ತಡೆಯುತ್ತಿತ್ತು. ಬೆಂದ ಧಾನ್ಯವನ್ನು ಬೇಸಗೆಯ ರಾತ್ರಿಯಲ್ಲಿ ಬರಿದೇ ಹೊರಗಿಡುವುದು ಅಪಾಯಕರ. ಅದರಲ್ಲಿ ಬೆಳೆಯುವ ಕೆಲವು ಸೂಕ್ಷ್ಮಜೀವಿಗಳ ವಿಷವು ಮತ್ತೆ ಕಾಯಿಸಿದರೂ ನಾಶವಾಗುವುದಿಲ್ಲ. ಅನುಮಾನ ಬಂದರೆ ಚೆಲ್ಲುವುದೇ ಲೇಸು. ಮಿತವ್ಯಯಕ್ಕಿಂತ ಆರೋಗ್ಯವು ದೊಡ್ಡದು.

ಬೆಳಗ್ಗೆ ತಟ್ಟೆಯನ್ನು ಬೋರಲು ಹಾಕಿದರೆ ನುಚ್ಚು ಒಂದೇ ಹಲಗೆಯಾಗಿ ಬೀಳುವುದು. ಬೆಂದಾಗ ನೀರು ಕುಡಿದು ಉಬ್ಬಿದ ಪಿಷ್ಟವು ತಣಿದಾಗ ಮತ್ತೆ ಬಿಗಿದುಕೊಳ್ಳುವುದರಿಂದ ಹೀಗಾಗುವುದು. ಬಿಸಿ ನುಚ್ಚನ್ನು ಕೊಯ್ಯಲಾಗದು, ತಂಗಳನ್ನು ಕೊಯ್ಯಬಹುದು. ಇಲ್ಲಿ ತಂಗಳೆಂಬುದೇ ಗುಣ. ಚೌಕವಾಗಿ ಕೊಯ್ದು, ಬಟ್ಟೆಯಿಂದ ಪಸೆಯನ್ನೊತ್ತಿ ತೆಗೆದು, ಕಾದ ಹಂಚಿನ ಮೇಲೆ ಕುಸುಬಿಯ ಎಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಧಾರಾಳವಾಗಿ ಸವರಿ ಬಿಲ್ಲೆಗಳನ್ನಿಡಬೇಕು. ಇಟ್ಟ ಮೇಲೆ 5–6 ನಿಮಿಷ ಮುಟ್ಟಬಾರದು. ಅವಸರದ ಕೈಗೆ ಬಿಲ್ಲೆ ಒಡೆಯುವುದು. ಮೇಲ್ಮೈಯ ನೀರು ಆರಿ ಅಂಚು ಕೆಂಪೇರಿದಾಗ ಅದು ತಾನೇ ಹಂಚನ್ನು ಬಿಡುವುದು. ಆಗ ಮಗುಚಿ ಇನ್ನೊಂದು ಮಗ್ಗುಲನ್ನೂ ಹಾಗೆಯೇ ಕಾಯಿಸಬೇಕು. ಹೊರಗೆ ಗರಿ, ಒಳಗೆ ಮೆತ್ತಗೆ: ಎಳೆಯರಿಗೆ ಅಂಚು, ವೃದ್ಧರಿಗೆ ನಡು. ಬೇಕಾದವರು ನುಚ್ಚನ್ನು ತಟ್ಟುವ ಮೊದಲು ಜೀರಿಗೆ, ಹಸಿಮೆಣಸಿನಕಾಯಿ, ಕೊತ್ತಂಬರಿಯನ್ನು ಕೂಡಿಸಬಹುದು.

ಈ ಉಪಾಯವು ನಮ್ಮೊಬ್ಬರದೇ ಅಲ್ಲ. ಅಮೆರಿಕದ ಒಕ್ಕಲು ಮನೆಗಳಲ್ಲಿ ಮುಸುಕಿನ ಜೋಳದ ಹಿಟ್ಟಿನ ಗಂಜಿಯನ್ನು ರಾತ್ರಿ ಆರಲಿಟ್ಟು, ಬೆಳಗ್ಗೆ ಕೊಯ್ದು ಕಾಯಿಸಿ, ಸಿಹಿ ಪಾಕದೊಡನೆ ತಿನ್ನುವ ರೂಢಿಯುಂಟು. ಉತ್ತರ ಇಟಲಿಯವರು ಅದೇ ಧಾನ್ಯದ ‘ಪೊಲೆಂಟ’ವನ್ನು ಹೀಗೆಯೇ ಮಾಡುವರು. ಆ ಧಾನ್ಯವು ಅಮೆರಿಕದಿಂದ ಹೊರಟು ಬೇರೆ ಖಂಡಗಳನ್ನು ಸೇರಿದ್ದು 1492ರಲ್ಲಿ ಕೊಲಂಬಸನು ಅಲ್ಲಿಗೆ ಹೋದ ನಂತರ. ನಮ್ಮ ಜೋಳವಾದರೋ ಆಫ್ರಿಕದಲ್ಲಿ ಹುಟ್ಟಿ ಸಾವಿರಾರು ವರ್ಷಗಳ ಹಿಂದೆಯೇ ಇಲ್ಲಿಗೆ ಬಂದುದು. ಆದುದರಿಂದಲೇ ಹೊಸದಾಗಿ ಬಂದ ಧಾನ್ಯಕ್ಕೆ ಕನ್ನಡಿಗರು ಹಳೆಯದರ ಹೆಸರನ್ನೇ ಕೊಟ್ಟು ಮುಸುಕಿನ ಜೋಳ, ಗೋವಿನ ಜೋಳ, ಮೆಕ್ಕೆಜೋಳ ಎಂದರು.

ಆದರೆ ಇಟಲಿಯ ಕಥೆಯಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. 18 ಮತ್ತು 19ನೆಯ ಶತಮಾನಗಳಲ್ಲಿ ಅಲ್ಲಿನ ಬಡವರು ಹೆಚ್ಚುಕಡಿಮೆ ಪೊಲೆಂಟವೊಂದನ್ನೇ ತಿಂದು ‘ಪೆಲಾಗ್ರ’ ಎಂಬ ರೋಗಕ್ಕೆ ಗುರಿಯಾದರು. ಬಿಸಿಲು ಬಿದ್ದ ಕಡೆ ಚರ್ಮವು ಕಪ್ಪಾಗಿ ಸುಲಿಯುವುದು, ಭೇದಿಯಾಗುವುದು, ಕೊನೆಗೆ ಬುದ್ಧಿಯೂ ಕದಡುವುದು ಅದರ ಲಕ್ಷಣಗಳು. ನಯಾಸಿನ್ ಎಂಬ ಜೀವಸತ್ವದ ಕೊರತೆಯೇ ಕಾರಣ. ಜೋಳವನ್ನೇ ನಂಬಿದ ದಖ್ಖನಿನ ಬಡವರಲ್ಲಿಯೂ ಈ ರೋಗವುಂಟೆಂಬುದನ್ನು ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಇವರು 1960ರಲ್ಲಿ ವೈದ್ಯಲೋಕಕ್ಕೆ ತಿಳಿಸಿದರು. ದೋಷವಿದ್ದುದು ಜೋಳದಲ್ಲಿ ಎನ್ನುವುದಕ್ಕಿಂತ, ಜೋಳವೊಂದೇ ಇದ್ದ ತಟ್ಟೆಯಲ್ಲಿ ಎನ್ನಬೇಕು. ಬೇಳೆ, ಹಾಲುಮೊಸರು, ಶೇಂಗಾ, ಸೊಪ್ಪು ಜೊತೆಗಿದ್ದರೆ ಈ ಭಯವಿಲ್ಲ.

ನಮ್ಮ ಹಿರಿಯರು ನುಚ್ಚನ್ನು ಒಂಟಿಯಾಗಿ ಬಡಿಸುತ್ತಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಪುಂಡಿಪಲ್ಯ, ತೊಗರಿಬೇಳೆಯ ಸಾರು, ಶೇಂಗಾ ಹಿಂಡಿ, ಗಟ್ಟಿ ಮೊಸರು—ಇವುಗಳಲ್ಲಿ ಎರಡಾದರೂ ಪಕ್ಕದಲ್ಲಿರುತ್ತಿದ್ದವು. ಬಿಲ್ಲೆಗೂ ಇದೇ ನಿಯಮವನ್ನು ನಾವು ಪಾಲಿಸುತ್ತೇವೆ: ಎರಡು ಬಿಲ್ಲೆ, ಒಂದು ಚಮಚ ಶೇಂಗಾ ಹಿಂಡಿ, ಒಂದು ಬಟ್ಟಲು ಮೊಸರು ಅಥವಾ ಬಿಸಿ ಸಾರು. ತೊಗರಿ ಬೆಳೆಯುವ ಸೀಮೆಯಲ್ಲಿದ್ದು ಬೇಳೆಯಿಲ್ಲದೆ ಉಣ್ಣುವುದು ಅವಿವೇಕವಲ್ಲವೆ?

ಇನ್ನು ನಾಚಿಕೆಯ ಮಾತು. ನಮ್ಮ ಈ ಊರು ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ. 12ನೆಯ ಶತಮಾನದಲ್ಲಿ ಇಲ್ಲಿಂದ ಆಳಿದ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜಭೋಜನದ ಬಗೆಬಗೆಯ ಪಾಕಗಳನ್ನು ಬರೆಯಿಸಿಟ್ಟನು. ಅದೇ ಶತಮಾನದಲ್ಲಿ ಬಸವಣ್ಣನವರ ಕಾಯಕ ದಾಸೋಹಗಳೂ ಇಲ್ಲಿಯೇ ಬೆಳಗಿದವು. ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನೇ ಸವಿದನೆಂಬ ಕಥೆಯನ್ನು ಶರಣರ ಪರಂಪರೆಯು ಆದರದಿಂದ ಹೇಳುವುದು. ಅರಸನ ಪಾಕಕ್ಕೆ ಗ್ರಂಥವಿತ್ತು. ಒಕ್ಕಲ ಮನೆಯ ಪಾಕಕ್ಕೆ ಅತ್ತೆಯ ಬಾಯಿ, ಸೊಸೆಯ ಕಿವಿ ಇವೆರಡೇ ಗ್ರಂಥ. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಅದರಲ್ಲಿ ನಮ್ಮ ಜೋಳವೂ ಸೇರಿತ್ತು. ಲೋಕವೇ ಮನ್ನಿಸಿದುದನ್ನು ನಾವು ಮಾತ್ರ ತಟ್ಟೆ ಮುಚ್ಚಿ ಅಡಗಿಸುವುದು ತರವೆ?

ಆ ಹಿರಿಯರು ಹುಮನಾಬಾದಿಗೆ ಮರಳುವಾಗ ಒಂದು ಸೇರು ನುಚ್ಚನ್ನು ಕಟ್ಟಿಸಿಕೊಂಡು ಹೋದರು. ವಾರದ ಬಳಿಕ ಮೊಮ್ಮಗಳಿಂದ ದೂರವಾಣಿ ಬಂದಿತು. ಮೊದಲ ಸಲ ಬಿಲ್ಲೆ ಒಡೆಯಿತಂತೆ, ಹಿಟ್ಟು ಕದಡಿ ಹಾಕುವುದನ್ನು ಅಜ್ಜಿ ಹೇಳಲು ಮರೆತಿದ್ದರಂತೆ. ಎರಡನೆಯ ಸಲ ಸರಿಯಾಯಿತಂತೆ. ಓದುಗ ಸೋದರಿಯರ ಮನೆಯಲ್ಲಿಯೂ ಮೊದಲ ಸಲ ಒಡೆದರೆ ಬೇಸರಿಸಬಾರದು. ಒಡೆದುದಕ್ಕೆ ಒಗ್ಗರಣೆ ಕೊಟ್ಟರೆ ಅದೂ ಒಂದು ಉಪಾಹಾರವೇ.