ಎದೆ ಹೊಡೆದುಕೊಂಡದ್ದು ನಿಜ

ಹೋದ ವರ್ಷ ಅಡಿಕೆ ಸುಗ್ಗಿಯ ಹೊತ್ತಿಗೆ ಕತ್ತಲಗೆರೆಯ ನಮ್ಮ ಚಿಕ್ಕಮ್ಮನಿಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ರಾತ್ರಿ ದೀಪ ಆರಿಸಿ ಎಡಮಗ್ಗುಲಾದರೆ ಸಾಕು, ದಿಂಬಿನೊಳಗಿಂದಲೇ ಡವಡವ ಸದ್ದು ಕೇಳುತ್ತಿತ್ತಂತೆ. ದಾವಣಗೆರೆಗೆ ಕರೆದೊಯ್ದು ಇಸಿಜಿ, ಎಕೋ, ಥೈರಾಯ್ಡು, ರಕ್ತ ಎಲ್ಲವನ್ನೂ ನೋಡಿಸಿದ್ದಾಯಿತು. "ಹಾರ್ಟಿಗೆ ಏನೂ ಆಗಿಲ್ಲಮ್ಮ, ಟೆನ್ಷನ್ ಅಷ್ಟೆ" ಎಂದರು ಡಾಕ್ಟರು. ಬಸ್ಸಿನಲ್ಲಿ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಚಿಕ್ಕಮ್ಮ ಚನ್ನಗಿರಿ ಹತ್ತಿರ ಬಂದಾಗ ಬಾಯಿ ಬಿಟ್ಟಳು: "ಏನೂ ಆಗಿಲ್ಲ ಅಂದ್ರೆ ಇದು ಯಾಕಿಂಗೆ ಹೊಡ್ಕಣ್ತೈತೆ?"

ಪ್ರಶ್ನೆ ಸಣ್ಣದು. ಆದರೆ ಇದಕ್ಕೆ ಉತ್ತರ ಸಿಗಲು ವೈದ್ಯಲೋಕಕ್ಕೆ ಮೂರು ಯುದ್ಧಗಳು ಬೇಕಾದವು.

ಮೊದಲನೆಯದು 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧ. ಫಿಲಡೆಲ್ಫಿಯಾದ ಟರ್ನರ್ಸ್ ಲೇನ್ ಆಸ್ಪತ್ರೆಗೆ ವಿಚಿತ್ರ ರೋಗಿಗಳು ಬರತೊಡಗಿದರು. ಗುಂಡೇಟಿಲ್ಲ, ಗಾಯವಿಲ್ಲ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಸಾಲದು, ತಲೆ ಸುತ್ತುತ್ತದೆ, ನಿದ್ದೆಯಿಲ್ಲ. ಅವರನ್ನು ನೋಡುತ್ತಿದ್ದ ಡಾಕ್ಟರು ಜೇಕಬ್ ಮೆಂಡೆಸ್ ಡ ಕೋಸ್ಟ. ಮಲಗಿದಾಗ ಇಳಿಯುವ ನಾಡಿ ಎದ್ದು ನಿಂತ ಕೂಡಲೇ ಓಡುವುದನ್ನು ಅವರು ಗುರುತಿಸಿದರು. ಬಹುಪಾಲು ಜನರ ಹೃದಯದಲ್ಲಿ ರಚನೆಯ ದೋಷವೇನೂ ಕಾಣಲಿಲ್ಲ. ಮುನ್ನೂರಕ್ಕೂ ಹೆಚ್ಚು ಸಿಪಾಯಿಗಳನ್ನು ಕಂಡ ಮೇಲೆ 1871ರಲ್ಲಿ ಬರೆದ ಪ್ರಬಂಧದಲ್ಲಿ ಇದಕ್ಕೆ 'ಕೆರಳಿದ ಹೃದಯ' ಎಂಬ ಅರ್ಥದ ಹೆಸರಿಟ್ಟರು. ಜ್ವರ, ಭೇದಿ, ದೂರದ ನಡಿಗೆಗಳಿಂದ ಹೃದಯ ಬಳಲಿದೆ ಎಂದು ಬಗೆದು ವಿಶ್ರಾಂತಿ ಕೊಡಿಸಿದರು, ಡಿಜಿಟಾಲಿಸ್ ಔಷಧಿ ಕೊಟ್ಟರು. ಅದೇ ಹೊತ್ತಿಗೆ ಬ್ರಿಟನ್ನಿನ ಸೇನಾವೈದ್ಯ ಆರ್ಥರ್ ಮೈಯರ್ಸ್, ಸಮವಸ್ತ್ರದ ಬಿಗಿ ಪಟ್ಟಿಗಳೇ ಎದೆಯನ್ನು ಅಮುಕುತ್ತಿವೆ ಎಂದು ವಾದಿಸಿದರು. ಒಬ್ಬರು ಹೃದಯದೊಳಗೆ ಹುಡುಕಿದರು, ಇನ್ನೊಬ್ಬರು ಹೃದಯದ ಮೇಲೆ.

ನಡುವಿನ ಸುಳಿವು ಸಿಕ್ಕಿದ್ದು ಬೆಕ್ಕಿನ ಹೊಟ್ಟೆಯಲ್ಲಿ. 1896ರ ಕೊನೆಗೆ ಹಾರ್ವರ್ಡಿನಲ್ಲಿ ವಾಲ್ಟರ್ ಕ್ಯಾನನ್ ಎಂಬ ವೈದ್ಯ ವಿದ್ಯಾರ್ಥಿ, ಆಗಷ್ಟೇ ಬಂದಿದ್ದ ಎಕ್ಸ್-ರೇಯಿಂದ ಜೀರ್ಣಕ್ರಿಯೆಯನ್ನು ನೋಡಲು ಹೊರಟ. ಬಿಸ್ಮತ್ ಬೆರೆಸಿದ ಆಹಾರವನ್ನು ಬೆಕ್ಕಿಗೆ ತಿನ್ನಿಸಿದರೆ ಜಠರ ಅಲೆಯಲೆಯಾಗಿ ಕಡೆಯುವುದು ಪರದೆಯ ಮೇಲೆ ಕಾಣುತ್ತಿತ್ತು. ಆದರೆ ಬೆಕ್ಕು ಹೆದರಿದಾಗ ಅಥವಾ ಸಿಟ್ಟಿಗೆದ್ದಾಗ ಆ ಅಲೆಗಳು ತಟ್ಟನೆ ನಿಂತುಬಿಡುತ್ತಿದ್ದವು. ಸಮಾಧಾನವಾದರೆ ಮತ್ತೆ ಶುರು. ಪ್ರಯೋಗಕ್ಕೆ ಅಡ್ಡಿಯಾದ ಈ ಕಾಟವನ್ನೇ ಕ್ಯಾನನ್ ಬೆನ್ನು ಹತ್ತಿದ. ನಾಯಿಯ ಬೊಗಳಿಕೆ ಕೇಳಿದ ಬೆಕ್ಕಿನ ರಕ್ತದಲ್ಲಿ ಅಡ್ರಿನಲಿನ್ ಬಂದು ಸೇರಿರುತ್ತದೆ ಎಂದು ಮುಂದೆ ತೋರಿಸಿದ. 1915ರ ಅವನ ಪುಸ್ತಕದ ಸಾರ ಇಷ್ಟು: ಅಪಾಯ ಕಂಡ ಮೈ ಹೋರಾಡಲೋ ಓಡಲೋ ಸಜ್ಜಾಗುತ್ತದೆ. ಹೊಟ್ಟೆಯ ಕೆಲಸಕ್ಕೆ ರಜೆ, ಎದೆಯ ಕೆಲಸಕ್ಕೆ ವೇಗ. ಕಾಡುಹಂದಿ ಎದುರಾದರೆ ಇದರಿಂದ ಜೀವ ಉಳಿಯುತ್ತದೆ. ಬ್ಯಾಂಕಿನ ನೋಟಿಸಿಗೂ ಮೈ ಅದನ್ನೇ ಮಾಡುತ್ತದೆ, ಓಡಲು ಮಾತ್ರ ಜಾಗವಿರುವುದಿಲ್ಲ.

ಎರಡನೆಯದು ಮೊದಲ ಮಹಾಯುದ್ಧ. ಬ್ರಿಟನ್ನಿನ ಸಾವಿರಾರು ಸಿಪಾಯಿಗಳು 'ಹೃದ್ರೋಗ'ದ ಚೀಟಿ ಹಿಡಿದು ಯುದ್ಧಭೂಮಿಯಿಂದ ವಾಪಸಾದರು. ಅವರಿಗೆಂದೇ ತೆರೆದ ಆಸ್ಪತ್ರೆಯಲ್ಲಿ ಥಾಮಸ್ ಲೂಯಿಸ್ ಹಾಸಿಗೆಯ ಚಿಕಿತ್ಸೆಯನ್ನು ತಲೆಕೆಳಗು ಮಾಡಿದರು. ಮಲಗಿಸುವ ಬದಲು ದಿನದಿನಕ್ಕೆ ಸ್ವಲ್ಪ ಹೆಚ್ಚಿಸುತ್ತ ಕವಾಯತು ಮಾಡಿಸಿದರು. ಎಷ್ಟೋ ಜನ ಚೇತರಿಸಿಕೊಂಡು ಕೆಲಸಕ್ಕೆ ಮರಳಿದರು. ಇದೆಲ್ಲವನ್ನೂ ಅವರು 1918ರ ಪುಸ್ತಕದಲ್ಲಿ ಬರೆದರು.

ಮೂರನೆಯದು ಎರಡನೆಯ ಮಹಾಯುದ್ಧ. ಅದರ ನಡುವೆ, 1941ರಲ್ಲಿ, ಲಂಡನ್ನಿನ ಹೃದಯತಜ್ಞ ಪಾಲ್ ವುಡ್ ಕಡೆಯ ಗಂಟನ್ನು ಬಿಚ್ಚಿದರು. ಡ ಕೋಸ್ಟ ಕಂಡ ಕಾಯಿಲೆಯ ಬೇರು ಹೃದಯದಲ್ಲಿಲ್ಲ, ಭಯದಲ್ಲಿದೆ ಎಂಬುದು ಅವರ ತೀರ್ಮಾನ. ಹೆದರಿಕೆಯಿಂದ ಎದೆ ಹೊಡೆದುಕೊಳ್ಳುತ್ತದೆ. ಹೊಡೆದುಕೊಳ್ಳುವ ಎದೆ ಕಂಡು 'ಹೃದಯವೇ ಕೆಟ್ಟಿತು' ಎಂದು ಇನ್ನಷ್ಟು ಹೆದರಿಕೆ. ಅದರಿಂದ ಇನ್ನಷ್ಟು ಬಡಿತ. ಗಾಣದ ಎತ್ತಿನ ಸುತ್ತು. ಡ ಕೋಸ್ಟ ಬರೆದು ಆಗಲೇ ಎಪ್ಪತ್ತು ವರ್ಷವಾಗಿತ್ತು.

ಕಾರಣ ತಿಳಿಯಿತು. ಎದೆಯನ್ನು ಹಿಡಿತಕ್ಕೆ ತರುವುದು ಹೇಗೆ? ಈ ಕತೆಯ ಒಂದು ಎಳೆ ನಮ್ಮ ಕಡೆಯದು. ಯೋಗಗುರು ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸುತ್ತಿದ್ದ ಅವರನ್ನು ಹುಡುಕಿಕೊಂಡು, 1935ರ ಸುಮಾರಿಗೆ ಫ್ರಾನ್ಸಿನ ಹೃದಯತಜ್ಞೆ ತೆರೇಸ್ ಬ್ರಾಸ್ ಇಸಿಜಿ ಯಂತ್ರದೊಂದಿಗೆ ಬಂದರು. ಯೋಗಿಗಳು ಹೃದಯವನ್ನೇ ನಿಲ್ಲಿಸಬಲ್ಲರೆಂಬ ಮಾತಿಗೆ ಆ ದಾಖಲೆಗಳಿಂದ ಬಲ ಬಂತು.

ಅದನ್ನು ಒರೆಗೆ ಹಚ್ಚಿದವರು ವೆಂಗರ್, ಬಾಗ್ಚಿ ಮತ್ತು ಆನಂದ್. 1961ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಉಸಿರು ಕಟ್ಟಿ ಎದೆ, ಹೊಟ್ಟೆ ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಮಣಿಕಟ್ಟಿನಲ್ಲಿ ನಾಡಿ ಸಿಗುವುದಿಲ್ಲ, ಸ್ಟೆತಾಸ್ಕೋಪಿಗೆ ಸದ್ದು ಕೇಳುವುದಿಲ್ಲ. ಇಸಿಜಿಯಲ್ಲಿ ಮಾತ್ರ ಹೃದಯ ತನ್ನ ಪಾಡಿಗೆ ಬಡಿಯುತ್ತಲೇ ಇರುತ್ತದೆ. ಅವರು ಪರೀಕ್ಷಿಸಿದ ಯಾವ ಯೋಗಿಯ ಆಜ್ಞೆಗೂ ಅದು ನಿಲ್ಲಲಿಲ್ಲ.

ಆಜ್ಞೆಗೆ ಬಗ್ಗದ ಹೃದಯ ಉಸಿರಿಗೆ ಬಗ್ಗುತ್ತದೆ. ಮೆದುಳಿನಿಂದ ಎದೆಗಿಳಿಯುವ ವೇಗಸ್ ನರ ಅದಕ್ಕೆ ಮೂಗುದಾರ. ಈ ನರವನ್ನು ಪ್ರಚೋದಿಸಿದರೆ ಬಡಿತ ತಗ್ಗುತ್ತದೆಂದು ಜರ್ಮನಿಯ ವೇಬರ್ ಸೋದರರು 1845ರಲ್ಲೇ ತೋರಿಸಿದ್ದರು. ಯಾವ ನರದ ಹಂಗೂ ಇಲ್ಲದೆ ಬಿಟ್ಟರೆ ಯುವಕನೊಬ್ಬನ ಹೃದಯ ನಿಮಿಷಕ್ಕೆ ನೂರರ ಆಸುಪಾಸು ಬಡಿಯುತ್ತದೆ. ಅದನ್ನು ಎಪ್ಪತ್ತರ ಹತ್ತಿರ ಹಿಡಿದಿಟ್ಟಿರುವುದು ಮುಖ್ಯವಾಗಿ ಈ ನರವೇ. ಉಸಿರು ಒಳಗೆಳೆದಾಗ ಮೂಗುದಾರ ಸಡಿಲ, ಹೊರಬಿಟ್ಟಾಗ ಬಿಗಿ. ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಕೆಳಗೆ, ಎರಡು ಬೆರಳಿಟ್ಟು ನಿಧಾನವಾಗಿ ಉಸಿರಾಡಿ ನೋಡಿ. ಎಳೆದಾಗ ನಾಡಿ ತುಸು ಚುರುಕಾಗುತ್ತದೆ, ಬಿಟ್ಟಾಗ ತುಸು ತಡೆಯುತ್ತದೆ.

ಚಿಕ್ಕಮ್ಮನಿಗೆ ಹೇಳಿಕೊಟ್ಟದ್ದು ಇದನ್ನೇ. ನಾಲ್ಕು ಎಣಿಸುತ್ತ ಉಸಿರು ತಗೋ, ಆರು ಎಣಿಸುತ್ತ ಬಿಡು, ಐದು ನಿಮಿಷ ಸಾಕು. ಎದೆಯ ಜೊತೆ ಜಗಳಕ್ಕೆ ಇಳೀಬೇಡ, ಹೊಡ್ಕಂಡು ಹೊಡ್ಕಂಡು ಅದೇ ಇಳಿತದೆ. ಮಲಗಿರಬೇಡ, ಸಂಜೆ ತೋಟದವರೆಗೆ ನಡೆ. ಹೊತ್ತು ಮುಳುಗಿದ ಮೇಲೆ ಚಹಾ ಬೇಡ. ಅಡಿಕೆಯನ್ನೇ ನೆಚ್ಚಿದ ಸೀಮೆಯಲ್ಲಿ ಹೇಳಲು ಮುಜುಗರ, ಆದರೂ ಹೇಳಿದೆ: ಊಟವಾದ ಮೇಲಿನ ಎಲೆಯಡಿಕೆ ಬಿಡು. ಅಡಿಕೆ ಕೂಡ ನಾಡಿಯನ್ನು ಓಡಿಸುತ್ತದೆ. ದಿನಕ್ಕೆ ಇಪ್ಪತ್ತು ಸಲ ನಾಡಿ ಹಿಡಿದು ನೋಡುವುದೂ ಗಾಣದ ಎತ್ತಿಗೆ ಮೇವು ಹಾಕಿದಂತೆ. ಎದೆ ಹೊಡೆದುಕೊಳ್ಳುವುದು ಪೂರ್ತಿ ನಿಂತಿಲ್ಲ. ಆದರೆ ಈಗ ಅವಳು ಅದಕ್ಕೆ ಏಳುವುದಿಲ್ಲ, ಮಗ್ಗುಲು ಬದಲಿಸಿ ಮಲಗುತ್ತಾಳೆ.

ಇದು ಅವಳೊಬ್ಬಳ ಪಾಡಲ್ಲ. 2025ರ ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹರಡಿದಾಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದರು. ಆ ಸಾಲಿನಲ್ಲಿ ನಿಂತ ಎಷ್ಟೋ ಎದೆಗಳು ಸುದ್ದಿ ಕೇಳಿಯೇ ಓಡುತ್ತಿದ್ದಿರಬೇಕು.

ಆದರೂ ಮೊದಲು ಒಮ್ಮೆ ಪರೀಕ್ಷೆ ಆಗಲೇಬೇಕು. ರಕ್ತಹೀನತೆ, ಥೈರಾಯ್ಡಿನ ಏರುಪೇರು, ಹೃದಯದ ಲಯದ ದೋಷ, ಎಲ್ಲವೂ ಇದೇ ವೇಷದಲ್ಲಿ ಬರುತ್ತವೆ. ಸ್ವಿಚ್ ಹಾಕಿದಂತೆ ಬಡಿತ ಒಮ್ಮೆಲೇ ಏರಿ ಒಮ್ಮೆಲೇ ಇಳಿದರೆ, ಓಡುವಾಗ ಶುರುವಾದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವುಗಳಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಬಡಿತದ ಜೊತೆ ಎದೆನೋವು, ಏದುಸಿರು ಇದ್ದರೆ ಅಥವಾ ಪ್ರಜ್ಞೆ ತಪ್ಪಿದರೆ ಉಸಿರಾಟದ ಅಭ್ಯಾಸ ಮಾಡುತ್ತ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಬೇಡಿ, ಆಸ್ತಮಾ ಇದ್ದವರಿಗೆ ಅದು ಅಪಾಯ.

ರಿಪೋರ್ಟು ನಾರ್ಮಲ್ ಬಂದವರಿಗೆ "ಏನೂ ಆಗಿಲ್ಲ" ಎನ್ನುವುದನ್ನು ಮಾತ್ರ ಬಿಡೋಣ. ಹೃದಯಕ್ಕೆ ಏನೂ ಆಗಿಲ್ಲ, ಮನುಷ್ಯರಿಗೆ ಏನೋ ಆಗಿದೆ. ಅದನ್ನು ಹೇಳಿಕೊಳ್ಳಲು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ. ನಂಬರು 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.